ಹಾನುಬಾಳಿನ ಚಲುವಯ್ಯ ವಿಮಾನದ ಮೂಗು ಬಗ್ಗಿಸಿದ್ದು

ಚಲುವಯ್ಯ ಗಾಡಿ ಓಡಿಸುವಾಗ ಅವನ ತಲೆ ಗಾಡಿಯ ಒಳಗಿದ್ದದ್ದನ್ನು ಹಾನುಬಾಳಿನಲ್ಲಿ ಯಾರೂ ಕಂಡವರಿಲ್ಲ. ಕೈ ಸ್ಟೀರಿಂಗಿನ ಮೇಲೆ, ಕಾಲು ಪೆಡಲಿನ ಮೇಲೆ, ತಲೆ ಮಾತ್ರ ಕಿಟಕಿಯಾಚೆ. ಬಿಸಿಲೆ ಘಾಟಿಯ ಮಂಜಿನಲ್ಲಿ ಮುಂದಿನ ಗಾಜು ಒರೆಸಿದಷ್ಟೂ ಬೆಳ್ಳಗಾಗುತ್ತದೆ ಎಂಬುದನ್ನು ಅವನು ಚಿಕ್ಕ ವಯಸ್ಸಿನಲ್ಲೇ ಕಂಡುಕೊಂಡಿದ್ದ. ಘಾಟಿ ಮುಗಿದು ಬಯಲು ಬಂದ ಮೇಲೂ ತಲೆಯನ್ನು ಒಳಗೆಳೆದುಕೊಳ್ಳಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಹೀಗಾಗಿ ಮದುವೆಗೆ ಮೊದಲೇ ವಾಲತೊಡಗಿದ್ದ ಅವನ ಕತ್ತು, ಐವತ್ತು ದಾಟುವ ಹೊತ್ತಿಗೆ ಬಲಕ್ಕೆ ವಾಲಿಕೊಂಡೇ ನಿಂತುಬಿಟ್ಟಿತು. ಮದುವೆಮನೆಯ ಗ್ರೂಪ್ ಫೋಟೋಗಳಲ್ಲೆಲ್ಲ ಅವನು ಪಕ್ಕದವರ ಗುಟ್ಟು ಕೇಳುತ್ತಿರುವವನಂತೆ ಕಾಣುತ್ತಿದ್ದ.

ಅವನು ಡ್ರೈವರ್ ಆದದ್ದೂ ಹಿಂದುಮುಂದಾಗಿಯೇ. ಹೊಂಗಡಹಳ್ಳದ ಕಡೆಯ ಒಂದು ಎಸ್ಟೇಟಿನಲ್ಲಿ ನೆರಳು ಮರದ ಕೊಂಬೆ ಕಡಿಯುವ ಕೆಲಸಕ್ಕೆ ಸೇರಿದ್ದ ಹುಡುಗ. ಒಂದು ದಿನ ಮರದ ಮೇಲಿದ್ದಾಗ ಕೆಳಗೆ ಎಸ್ಟೇಟಿನ ಜೀಪು ಬಂತು, ಜೀಪಿನ ಎದುರಿಗೆ ಆನೆಯೂ ಬಂತು. ಡ್ರೈವರ್ ಹಾರಿ ತೋಟದೊಳಗೆ ಓಡಿಹೋದ. ಹಿಂದೆ ಕೂತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಹಾಶಯರು ಕಣ್ಣುಮುಚ್ಚಿ ದೇವರನ್ನು ಕರೆಯತೊಡಗಿದರು. ಚಲುವಯ್ಯ ಮರದಿಂದ ಜಾರಿ ಜೀಪಿನಲ್ಲಿ ಕೂತ. ಜೀವಮಾನದಲ್ಲಿ ಸ್ಟೀರಿಂಗ್ ಮುಟ್ಟಿದವನಲ್ಲ. ಕೈಗೆ ಸಿಕ್ಕ ಗೇರು ರಿವರ್ಸ್. ಅದು ಬಿಟ್ಟು ಬೇರೆ ಯಾವುದು ಎಲ್ಲಿದೆ ಎಂದು ಗೊತ್ತಿರಲಿಲ್ಲವಾದ್ದರಿಂದ, ತಲೆ ಹೊರಗೆ ಹಾಕಿ ಹಿಂದೆ ನೋಡುತ್ತ, ಎಸ್ಟೇಟಿನ ಸ್ಟೋರ್ ಬಾಗಿಲಿನವರೆಗೂ ರಿವರ್ಸಿನಲ್ಲೇ ಬಂದ. ಆನೆಗೆ ಇದು ಎಷ್ಟು ವಿಚಿತ್ರವಾಗಿ ಕಂಡಿತೋ, ಅದು ಅಟ್ಟಿಸಿಕೊಂಡೇ ಬರಲಿಲ್ಲ. ಮಾರನೆಯ ದಿನದಿಂದ ಅವನೇ ಡ್ರೈವರ್.

ಕಮಲಮ್ಮನನ್ನು ನೋಡಲು ಹೋದದ್ದು ಮರದ ದಿಮ್ಮಿ ತುಂಬಿದ ಲಾರಿಯಲ್ಲಿ. ಅಂಗಳದಲ್ಲಿ ಲಾರಿ ನಿಲ್ಲಿಸಿ ಇಳಿದವನನ್ನು ಹುಡುಗಿ ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದಳು. "ಈ ಕತ್ತು ಹುಟ್ಟಿದಾಗ್ಲಿಂದ ಹಿಂಗೇ ಐತಾ, ಇಲ್ಲಾ ಈಗ ನನ್ ನೋಡಿ ಹಿಂಗಾಯ್ತಾ?" ಅಂದಳು. ಚಲುವಯ್ಯ ಅಲ್ಲೇ ಒಪ್ಪಿಬಿಟ್ಟ. ಈಗ ಹಾನುಬಾಳಿನ ಬಸ್ ನಿಲ್ಲುವ ಜಾಗದಲ್ಲಿ ಕಮಲಮ್ಮನ ಹೋಟೆಲು ಇದೆ. ಅಕ್ಕಿರೊಟ್ಟಿ, ಬೋಂಡ, ಟೀ, ಜೊತೆಗೆ ಕೇಳದಿದ್ದರೂ ಸಿಗುವ ಬುದ್ಧಿಮಾತು.

ದೊಡ್ಡವರೆಂದರೆ ಚಲುವಯ್ಯನಿಗೆ ಹೆದರಿಕೆ ಇರಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಕೂತವರೆಲ್ಲ ಹೊಂಡ ಬಂದರೆ ಒಂದೇ ಥರ ಎಗರುತ್ತಾರೆ, ತಲೆಯನ್ನು ಮೇಲಕ್ಕೆ ಬಡಿದುಕೊಂಡರೆ ಒಂದೇ ಥರ ಬಯ್ಯುತ್ತಾರೆ ಎಂದು ಅವನು ವರ್ಷಗಟ್ಟಲೆ ನೋಡಿದ್ದ. ಓಟು ಕೇಳಲು ಹೊರಟ ಒಬ್ಬ ಮುಖಂಡರು "ಬೇಗ ಹೋಗಯ್ಯ" ಅಂದಾಗ, "ಗೆದ್ ಮೇಲೆ ರಸ್ತೆ ಮಾಡ್ಸಿ ಸಾ, ಆಮೇಲೆ ಬೇಗ ಹೋಗಾಣ" ಎಂದು ಇನ್ನಷ್ಟು ನಿಧಾನ ಮಾಡಿದ್ದ. ಅವನ ಹೆಮ್ಮೆ ಒಂದೇ: ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ.

ಕೆಲವು ವರ್ಷಗಳಿಂದ ಅವನು ಹೆಗ್ಗದ್ದೆಯ ರವಿಚಂದ್ರ ಎಂಬ ದೊಡ್ಡ ಕಾಫಿ ಬೆಳೆಗಾರನ ಲಾರಿ ಓಡಿಸುತ್ತಿದ್ದ. ರವಿಚಂದ್ರನಿಗೆ ತೋಟ ಇತ್ತು, ಬಂಗಲೆ ಇತ್ತು, ಕಪ್ಪು ಬಣ್ಣ ಹಚ್ಚಿದ ದಟ್ಟ ಮೀಸೆ ಇತ್ತು. ಇಲ್ಲದ್ದು ನೆಮ್ಮದಿ. ಅದನ್ನು ಕಿತ್ತುಕೊಂಡದ್ದು ಒಂದು ಆಲೂಗಡ್ಡೆ.

ಹಿಂದಿನ ರಾಜ್ಯೋತ್ಸವಕ್ಕೆ ಸಕಲೇಶಪುರದಲ್ಲಿ ಸ್ತಬ್ಧಚಿತ್ರಗಳ ಮೆರವಣಿಗೆ ನಡೆದಿತ್ತು. ರವಿಚಂದ್ರ ಲಾರಿಯ ಮೇಲೆ ಹತ್ತಡಿ ಎತ್ತರದ ಕಾಫಿ ಗಿಡ ಮಾಡಿಸಿಕೊಂಡು ಹೋಗಿದ್ದ. ಜನ ಅದನ್ನು ಕರಿಬೇವು ಅಂದುಕೊಂಡರು. ಆಲೂರು ಕಡೆಯ ಆಲೂಗಡ್ಡೆ ಬೆಳೆಗಾರರು ಟ್ರ್ಯಾಕ್ಟರ್ ಮೇಲೆ ಗುಡಿಸಲಿನಷ್ಟು ದೊಡ್ಡ ಆಲೂಗಡ್ಡೆ ಕೂರಿಸಿ, ಅದಕ್ಕೆ ಕಣ್ಣು ಬರೆದು, ಮೀಸೆ ಅಂಟಿಸಿ, ತಲೆಗೆ ಮೈಸೂರು ಪೇಟ ತೊಡಿಸಿದ್ದರು. ಮೊದಲ ಬಹುಮಾನ ಅದಕ್ಕೇ. ಆ ಮೀಸೆ ತನ್ನ ಮೀಸೆಯ ಹಾಗೇ ಇತ್ತೆಂಬ ಸಂಶಯ ಬೇರೆ ರವಿಚಂದ್ರನನ್ನು ವರ್ಷವಿಡೀ ಕೊರೆಯಿತು.

ಈ ಸಲ ಅಕ್ಟೋಬರ್ ಬರುತ್ತಲೇ ಅವನು ಚಲುವಯ್ಯನನ್ನು ಬಂಗಲೆಗೆ ಕರೆಸಿದ. ಗೋಡೆಯ ಮೇಲೆ ಅವನ ಅಪ್ಪ ಲಂಡನ್ನಿನ ವಿಮಾನ ನಿಲ್ದಾಣದ ಬೇಲಿಗೆ ಒರಗಿ ನಿಂತ ಹಳೆಯ ಫೋಟೋ ಇತ್ತು. ಹಿಂದೆ ಬಿಳಿ ಕೊಕ್ಕರೆಯಂಥ ವಿಮಾನ.

"ಇದು ಕಾಂಕಾರ್ಡ್. ಶಬ್ದಕ್ಕಿಂತ ವೇಗವಾಗಿ ಹೋಗ್ತಿತ್ತು" ಎಂದ ರವಿಚಂದ್ರ. "ಈ ವರ್ಷ ನಮ್ಮ ಲಾರಿ ಇದಾಗುತ್ತೆ. ಕೆಂಪು, ಹಳದಿ ಬಣ್ಣದಲ್ಲಿ. ಕನ್ನಡ ಬಾನೆತ್ತರಕ್ಕೆ ಹಾರಲಿ ಅಂತ ಬೋರ್ಡು. ಆ ಆಲೂಗಡ್ಡೆಯವರು ಬಾಯಿ ಬಿಟ್ಟುಕೊಂಡು ನೋಡಬೇಕು."

ಚಲುವಯ್ಯ ಓರೆ ಕತ್ತಿನಲ್ಲೇ ಫೋಟೋ ನೋಡಿದ. ಅವನ ಕಣ್ಣು ನಿಂತದ್ದು ಸೂಜಿಯಂಥ ಉದ್ದ ಮೂಗಿನ ಮೇಲೆ.

"ಇಷ್ಟುದ್ದ ಮೂಗು ಮುಂದೆ ಇಟ್ಕಂಡ್ರೆ ಇದರ ಡ್ರೈವರ್‌ಗೆ ರಸ್ತೆ ಹೆಂಗ್ ಕಾಣ್ತಿತ್ತು ಸಾ?"

ರವಿಚಂದ್ರ ಮೀಸೆ ಮುಟ್ಟಿಕೊಂಡ. ಉತ್ತರ ಗೊತ್ತಿಲ್ಲದಾಗ ಅವನು ಹಾಗೆ ಮಾಡುತ್ತಿದ್ದ. "ಆಕಾಶದಲ್ಲಿ ಯಾವ ರಸ್ತೆ ಕಣಯ್ಯ? ನೀನು ಓಡಿಸೋದನ್ನ ನೋಡಿಕೋ" ಎಂದ.

ಕೆಲಸ ಬಿದ್ದದ್ದು ಹಾನುಬಾಳಿನ ವೆಲ್ಡಿಂಗ್ ಅಂಗಡಿಯ ಬಸವರಾಜುವಿಗೆ. ಅವನು ಗೇಟು, ಕಿಟಕಿ, ಕೋಳಿಗೂಡು ಮಾಡಿದವನು; ವಿಮಾನ ಇದೇ ಮೊದಲು. ಚಲುವಯ್ಯ ಅಲ್ಲೂ ಅದೇ ಪ್ರಶ್ನೆ ಎತ್ತಿದ. "ನೋಡ್ಲಾ, ನಾಳೆ ಈ ತಗಡೆಲ್ಲ ನನ್ ಕ್ಯಾಬಿನ್ ಸುತ್ತ ಬರ್ತದೆ. ಪಕ್ಕದ ಕಿಟಕೀನೂ ಮುಚ್ಚೋಯ್ತು. ಮುಂದೆ ಮೂಗು. ನಾನೇನ್ ವಾಸನೆ ಹಿಡ್ಕಂಡು ಗಾಡಿ ಓಡ್ಸಾದಾ?"

ಬಸವರಾಜು ಫೋನ್ ತೆಗೆದು ಹುಡುಕಿದ. ಒಂದು ವಿಡಿಯೊ ಸಿಕ್ಕಿತು. ಇಬ್ಬರೂ ತಗಡಿನ ರಾಶಿಯ ಮೇಲೆ ಕೂತು ನೋಡಿದರು. ಬಸವರಾಜು ಕೈಯಲ್ಲಿ ಹಿಡಿದೇ ನೋಡಿದ. ಚಲುವಯ್ಯ ಅದನ್ನು ಕಿತ್ತುಕೊಂಡು, ತೋಳು ಪೂರ್ತಿ ಚಾಚಿ, ದೂರದಿಂದ ನೋಡಿದ. ವಿಮಾನ ನೆಲಕ್ಕೆ ಹತ್ತಿರ ಬರುತ್ತಿದೆ. ಆ ಚೂಪು ರೆಕ್ಕೆಯ ವಿಮಾನ ನಿಧಾನವಾದಾಗ ಮುಂಭಾಗವನ್ನು ಮೇಲೆತ್ತಿಕೊಂಡೇ ಇಳಿಯಬೇಕು, ಎತ್ತಿದರೆ ಮೂಗು ಪೈಲಟ್ಟಿನ ಕಣ್ಣಿಗೆ ಅಡ್ಡ. ಆಗ ನೋಡನೋಡುತ್ತಿದ್ದಂತೆ ಇಡೀ ಮೂಗು ಕತ್ತು ಬಗ್ಗಿಸಿದ ಕೊಕ್ಕರೆಯ ಹಾಗೆ ಕೆಳಗಿಳಿಯಿತು. ಎದುರಿನ ಹಾದಿ ಪೈಲಟ್ಟಿಗೆ ತೆರೆದುಕೊಂಡಿತು.

"ಅಬ್ಬಾ ಮಾರಾಯ!" ಚಲುವಯ್ಯ ತೊಡೆ ತಟ್ಟಿದ. "ಇವ್ರಿಗೂ ನಂದೇ ತಲೆನೋವು. ಹೊರಗೆ ತಲೆ ಹಾಕಾಕೆ ಆಗಾಕಿಲ್ಲ ಅಂತ ಮೂಗನ್ನೇ ಬಗ್ಗಿಸ್ಬುಟ್ಟವ್ರೆ! ಬಸ್ರಾಜು, ನಂಗೂ ಹಿಂಗೇ ಮಾಡ್ಕೊಡು."

ಬಸವರಾಜು ಮಾಡಿಕೊಟ್ಟ. ಬಿದಿರಿನ ದಬ್ಬೆ, ತಗಡು, ಬಟ್ಟೆಯ ಮೂಗು. ಬಂಪರಿನ ಹತ್ತಿರ ದೊಡ್ಡ ಗೇಟಿನ ಎರಡು ತಿರುಗಣಿ. ಮೂಗು ಎತ್ತಿದರೆ ಅದರ ಬುಡ ಲಾರಿಯ ಮುಂಗಾಜನ್ನು ಪೂರ್ತಿ ಮುಚ್ಚುತ್ತಿತ್ತು, ಇಳಿಸಿದರೆ ಗಾಜು ತೆರೆಯುತ್ತಿತ್ತು. ಬಾವಿಯ ಗಡಗಡೆಯ ಮೇಲೆ ಹಾದ ಹಗ್ಗದ ತುದಿ ಚಲುವಯ್ಯನ ಸೀಟಿನ ಪಕ್ಕದ ಕೊಕ್ಕೆಗೆ. ಕೊಕ್ಕೆ ತಪ್ಪಿಸಿದರೆ ಮೂಗು ದಡಾರ್ ಎಂದು ಕೆಳಗೆ. ಪ್ರಯೋಗದ ದಿನ ಅಂಗಡಿಯ ಮುಂದೆ ಜನವೋ ಜನ. ಚಲುವಯ್ಯ ಮೂಗನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟುಕೊಂಡರು.

ರವಿಚಂದ್ರ ತನ್ನ ಮ್ಯಾನೇಜರ್ ಸುರೇಂದ್ರನ ಜೊತೆ ಬಂದು ನೋಡಿದ. ಮೂಗು ಎತ್ತಿದ್ದಾಗ ಅವನ ಮುಖ ಅರಳಿತು, ಇಳಿದಾಗ ಬಾಡಿತು.

"ಮೆರವಣಿಗೆ ಪೂರ್ತಿ ಹೀಗೆ ತಲೆ ತಗ್ಗಿಸಿಕೊಂಡು ಹೋಗೋದಾ? ಆ ಆಲೂಗಡ್ಡೆಯ ಹಿಂದೆ? ಸಾಧ್ಯವೇ ಇಲ್ಲ. ಮೂಗು ಮೇಲೇ ಇರಬೇಕು. ವೇದಿಕೆ ಮುಂದೆ ಬಂದಾಗ ಮಾತ್ರ ಒಂದು ಸಲ ಇಳಿಸು, ಗಣ್ಯರಿಗೆ ನಮಸ್ಕಾರ ಮಾಡಿದ ಹಾಗೆ."

"ಅಲ್ಲೀಗಂಟ ನಾನು ಕಣ್ ಮುಚ್ಕಂಡು ಬರಾದಾ ಸಾ?"

ಸುರೇಂದ್ರ ಮುಂದೆ ಬಂದ. ಅವನು ಕಾಫಿ ಒಣಗಿಸುವ ಕಣಕ್ಕೂ ಕ್ಯಾಮೆರಾ, ನಾಯಿಗೂಡಿಗೂ ಕ್ಯಾಮೆರಾ ಹಾಕಿಸಿದ್ದ ಮನುಷ್ಯ. "ಚಲುವಯ್ಯ, ಮೂಗು ಬಗ್ಗಿಸೋದೆಲ್ಲ ಹಳೇ ಕಾಲ. ಈಗ ಅಮೆರಿಕದಲ್ಲಿ ಹೊಸ ವಿಮಾನ ಮಾಡಿದ್ದಾರೆ. ಅದರಲ್ಲಿ ಪೈಲಟ್ಟಿಗೆ ಮುಂದಿನ ಕಿಟಕಿಯೇ ಇಲ್ಲ. ಕ್ಯಾಮೆರಾ ಇರುತ್ತೆ, ಪೈಲಟ್ ಪರದೆ ನೋಡಿಕೊಂಡು ಓಡಿಸ್ತಾನೆ."

"ಕಿಟಕಿನೇ ಇಲ್ವಾ?" ಚಲುವಯ್ಯನಿಗೆ ಆ ಪೈಲಟ್ಟಿನ ಮೇಲೆ ಅಯ್ಯೋ ಅನಿಸಿತು. "ಕರೆಂಟ್ ಹೋದ್ರೆ?"

"ಅಲ್ಲಿ ಹೋಗಲ್ಲ."

"ಹಂಗಾರೆ ಅದು ಹಾನುಬಾಳಿನ ಕರೆಂಟ್ ಅಲ್ಲ ಬುಡಿ."

ಎಲ್ಲರೂ ನಕ್ಕರು, ರವಿಚಂದ್ರನೊಬ್ಬನನ್ನು ಬಿಟ್ಟು. ತೀರ್ಮಾನ ಸುರೇಂದ್ರನ ಕಡೆಗಾಯಿತು. ಮೂಗಿನ ತುದಿಗೆ ಸುರೇಂದ್ರನ ಫೋನು, ಸ್ಟೀರಿಂಗಿನ ಮುಂದೆ ಚಲುವಯ್ಯನ ಫೋನು, ನಡುವೆ ವಿಡಿಯೊ ಕಾಲ್. ಮುಂದಿನ ರಸ್ತೆ ಚಲುವಯ್ಯನ ಫೋನಿನಲ್ಲಿ ಕಾಣಬೇಕು. ಎಲ್ಲರಿಗೂ ಚೆನ್ನಾಗಿಯೇ ಕಂಡಿತು. ಚಲುವಯ್ಯ "ಇದೆಲ್ಲ ಆಗೋ ಮಾತಲ್ಲ, ನಾನು ಕಣ್ಣಾರೆ ಕಂಡಿದ್ದನ್ನೇ ನಂಬೋನು" ಎಂದು ವಾದಿಸಿದ. ವಾದ ಗಟ್ಟಿಯಾಗಿಯೇ ಇತ್ತು. ಆದರೆ ಅದರ ಹಿಂದಿದ್ದ ವಿಷಯ ಬೇರೆ. ಕಣ್ಣಿಗೆ ಹತ್ತಿರವಿದ್ದ ಆ ಚಿಕ್ಕ ಪರದೆಯಲ್ಲಿ ಅವನಿಗೆ ಕಂಡದ್ದು ಹಾಲಿಗೆ ಟೀ ಬೆರೆಸಿದಂಥ ಒಂದು ಬಣ್ಣ, ಅಷ್ಟೇ. ಒಂದೆರಡು ವರ್ಷದಿಂದ ಲೋಕವೆಲ್ಲ ಹಾಗೇ ಕಾಣುತ್ತಿತ್ತು. ಬಿಸಿಲೆ ಘಾಟಿಯ ಮಂಜು ಊರೊಳಕ್ಕೂ ಬರಲಾರಂಭಿಸಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಇದನ್ನು ಬಾಯಿಬಿಟ್ಟು ಹೇಳಿದರೆ ಲಾರಿ ಕೈತಪ್ಪುತ್ತದೆ. ಹಾಗಾಗಿ ಕೊನೆಗೆ ಹೂಂ ಅಂದ.

ನವೆಂಬರ್ ಒಂದು. ಮೆರವಣಿಗೆ ಹೊರಟಿತು. ಮುಂದೆ ನಾದಸ್ವರ, ಆಮೇಲೆ ಶಾಲೆ ಮಕ್ಕಳು, ಆಮೇಲೆ ಆಲೂಗಡ್ಡೆ, ಅದರ ಹಿಂದೆ ವಿಮಾನ. ಆಲೂಗಡ್ಡೆ ಈ ವರ್ಷ ಇನ್ನೂ ಊದಿತ್ತು. ಅದರ ಟ್ರ್ಯಾಕ್ಟರಿನ ಪಕ್ಕದಲ್ಲಿ ಬೆಳೆಗಾರರ ಮುಖಂಡ ಲಕ್ಕಪ್ಪ ಹೊಸ ಪಂಚೆ ಉಟ್ಟು ನಡೆಯುತ್ತಿದ್ದ. ವಿಮಾನದ ಬೆನ್ನ ಮೇಲೆ, ಅಂದರೆ ಲಾರಿಯ ಕ್ಯಾಬಿನ್ ಮೇಲೆ, ರವಿಚಂದ್ರ ಪೈಲಟ್ ಟೋಪಿ ಹಾಕಿಕೊಂಡು ಕೂತು ಎರಡೂ ಬದಿಗೆ ಕೈ ಬೀಸುತ್ತಿದ್ದ. ಮೂಗು ಆಕಾಶಕ್ಕೆ ನೆಟ್ಟಿತ್ತು. ನಿಜ ಹೇಳಬೇಕೆಂದರೆ ವಿಮಾನ ಚೆನ್ನಾಗಿತ್ತು. ಜನ ಶಿಳ್ಳೆ ಹೊಡೆದರು.

ಒಳಗೆ ಚಲುವಯ್ಯ ಬೆವರುತ್ತಿದ್ದ. ಸುತ್ತ ಕತ್ತಲು, ತಗಡಿನ ಕಾವು. ಮುಂದೆ ಫೋನಿನಲ್ಲಿ ಮಂಜು. ಆ ಮಂಜಿನ ನಡುವೆ ಒಂದು ಕಂದು ಮುದ್ದೆ. ಅದು ಆಲೂಗಡ್ಡೆ ಎಂದು ಇಟ್ಟುಕೊಂಡ. ಮುದ್ದೆ ದೊಡ್ಡದಾದರೆ ಬ್ರೇಕು, ಚಿಕ್ಕದಾದರೆ ಆಕ್ಸಿಲರೇಟರು. ಹೇಗೋ ಹಳೇ ಬಸ್ ನಿಲ್ದಾಣ ದಾಟಿತು. ಹೇಮಾವತಿ ಸೇತುವೆಯೂ ಬಂತು. ಅಲ್ಲಿ ಲಕ್ಕಪ್ಪನಿಗೆ ಹೊಳೆಯ ಹಿನ್ನೆಲೆಯಲ್ಲಿ ಆಲೂಗಡ್ಡೆಯ ಫೋಟೋ ತೆಗೆಸುವ ಆಸೆ ಆಯಿತು. ಕೈ ಎತ್ತಿ ಟ್ರ್ಯಾಕ್ಟರ್ ನಿಲ್ಲಿಸಿದ.

ಸೇತುವೆಯ ಪಕ್ಕದ ಜನರ ನಡುವೆ ಕಮಲಮ್ಮ ಇದ್ದಳು. ಹೋಟೆಲಿಗೆ ಬೀಗ ಹಾಕಿ ಗಂಡನ ವಿಮಾನ ನೋಡಲು ಬಂದಿದ್ದಳು. ಆಲೂಗಡ್ಡೆ ನಿಂತದ್ದು ಕಂಡಿತು, ವಿಮಾನ ನಿಲ್ಲದೆ ಬರುತ್ತಿರುವುದೂ ಕಂಡಿತು. "ಏಯ್, ನಿಲ್ಸೋ!" ಎಂದು ಕೂಗಿದಳು. ನಾದಸ್ವರದಲ್ಲಿ ಯಾರಿಗೆ ಕೇಳಬೇಕು? ತಕ್ಷಣ ಫೋನ್ ತೆಗೆದು ಗಂಡನಿಗೆ ಕರೆ ಮಾಡಿದಳು.

ಆ ಕರೆ ಬಂದದ್ದು ಚಲುವಯ್ಯನ ಕಣ್ಣಾಗಿದ್ದ ಅದೇ ಫೋನಿಗೆ. ಪರದೆಯ ಮೇಲಿನ ರಸ್ತೆ ಮಾಯವಾಯಿತು. ಅದರ ಜಾಗದಲ್ಲಿ ಕಮಲಮ್ಮನ ಫೋಟೋ, ಪರದೆ ತುಂಬ. ಚಲುವಯ್ಯನಿಗೆ ಫೋನು, ಕರೆ, ಫೋಟೋ ಯಾವುದೂ ತಲೆಗೆ ಹೋಗಲಿಲ್ಲ. ಮಂಜಿನೊಳಗಿಂದ ಹೆಂಡತಿ ಎದ್ದು ಬಂದು ಲಾರಿಯ ಮುಂದೆ ನಿಂತಿದ್ದಾಳೆ ಎಂದಷ್ಟೇ ಕಂಡಿತು.

"ಅಯ್ಯಯ್ಯೋ ಕಮ್ಲೀ!" ಎಂದು ಕಿರುಚಿ ಬ್ರೇಕಿನ ಮೇಲೆ ನಿಂತುಬಿಟ್ಟ. ಒಂದು ಕೈ ತಾನಾಗಿಯೇ ಕೊಕ್ಕೆ ತಪ್ಪಿಸಿತು.

ಮೂಗು ದಡಾರನೆ ಬಿತ್ತು. ಬಿದ್ದ ಜಾಗದಲ್ಲಿ ಆಲೂಗಡ್ಡೆ ಇತ್ತು. ಚೂಪು ತುದಿ ಅದರ ಹೊಟ್ಟೆಗೆ ಪಚಕ್ಕನೆ ಹೊಕ್ಕಿತು. ಬ್ರೇಕಿನ ಹೊಡೆತಕ್ಕೆ ಕ್ಯಾಬಿನ್ ಮೇಲಿನಿಂದ ಮುಗ್ಗರಿಸಿದ ರವಿಚಂದ್ರನಿಗೆ ಎದುರಿಗೆ ಸಿಕ್ಕಿದ್ದು, ಹೊಸದಾಗಿ ಬಣ್ಣ ಹೊಡೆದು ನುಣ್ಣಗಾಗಿದ್ದ ಇಳಿಜಾರು ಮೂಗು. ಶಾಲೆಯ ಜಾರುಬಂಡೆಯಲ್ಲಿ ಮಕ್ಕಳು ಬರುವ ಹಾಗೆ ಅವನು ಸರ್ರನೆ ಜಾರಿ ಬಂದು, ಹುಲ್ಲು ತುಂಬಿದ ಆಲೂಗಡ್ಡೆಯ ಮೇಲೆ ಕಾಲಗಲಿಸಿ ಕೂತ. ಪೈಲಟ್ ಟೋಪಿ ಹೊಳೆಗೆ ಹೋಯಿತು. ಆಲೂಗಡ್ಡೆಯ ಮೈಸೂರು ಪೇಟ ಕಳಚಿ ಅವನ ತಲೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು.

ಯಾರಿಗೂ ಒಂದು ಗೀರೂ ಬಿದ್ದಿರಲಿಲ್ಲ. ಆಮೇಲೆ ಎದ್ದ ನಗು ಹೊಳೆಯ ಆಚೆ ದಡಕ್ಕೂ ಕೇಳಿಸಿತಂತೆ.

ಎಳೆದರೆ ಮೂಗು ಬರಲಿಲ್ಲ, ಒಳಗಿನ ಬಿದಿರಿಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಹೊರಟರೆ ಮೆರವಣಿಗೆ ನಿಲ್ಲುತ್ತದೆ, ಗಣ್ಯರು ವೇದಿಕೆಯಲ್ಲಿ ಕಾಯುತ್ತಿದ್ದಾರೆ. ಕೊನೆಗೆ ಪೊಲೀಸಿನವರು "ಹಂಗೇ ಹೋಗ್ರಪ್ಪ" ಅಂದರು. ಆಲೂಗಡ್ಡೆ ಮುಂದೆ, ಅದಕ್ಕೆ ಚುಚ್ಚಿಕೊಂಡ ವಿಮಾನ ಹಿಂದೆ, ನಡುವೆ ಇಳಿಯಲಾರದೆ ಪೇಟ ತೊಟ್ಟು ಕೂತ ರವಿಚಂದ್ರ, ಹೀಗೆ ವೇದಿಕೆಯ ಮುಂದೆ ಬಂದವು. ಮೈಕ್ ಹಿಡಿದಿದ್ದ ಮೇಷ್ಟರಿಗೆ ಕೊಟ್ಟಿದ್ದ ಚೀಟಿಯಲ್ಲಿ ಇದಾವುದೂ ಇರಲಿಲ್ಲ. ಅವರು ಧೈರ್ಯಗೆಡದೆ, "ಇದೀಗ ಬರುತ್ತಿದೆ, ವಿಜ್ಞಾನವು ಕೃಷಿಯನ್ನು ಅಪ್ಪಿಕೊಂಡ ಅಪೂರ್ವ ದೃಶ್ಯ! ಎರಡನ್ನೂ ಮುನ್ನಡೆಸುತ್ತಿರುವ ನಮ್ಮ ರೈತ!" ಎಂದು ಘೋಷಿಸಿಬಿಟ್ಟರು. ಮುಖ್ಯ ಅತಿಥಿಗಳು ಎದ್ದು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಇಬ್ಬರಿಗೂ ಸೇರಿ ಬಂತು. ರವಿಚಂದ್ರ ಫಲಕದ ಒಂದು ತುದಿ, ಲಕ್ಕಪ್ಪ ಇನ್ನೊಂದು ತುದಿ ಹಿಡಿದು ಫೋಟೋಗೆ ನಿಂತರು. ಇಬ್ಬರೂ ತಮ್ಮ ಕಡೆಗೆ ಎಳೆಯುತ್ತಿದ್ದರು.

ಚಲುವಯ್ಯ ಮಾತ್ರ ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಮೂಗು ಇಳಿದ ಮೇಲೆ ಗಾಜಿನಲ್ಲಿ ಎಲ್ಲ ಕಾಣಬೇಕಿತ್ತು. ಮಧ್ಯಾಹ್ನದ ಬಿಸಿಲು, ಎದುರಿಗೇ ವೇದಿಕೆ. ಆದರೂ ಅವನಿಗೆ ಕಂಡದ್ದು ಬಣ್ಣ ಬಣ್ಣದ ಮಂಜೇ. ಕೋಳಿಗೂ ತಾಗಿಸದವನು ಆಲೂಗಡ್ಡೆಗೆ ಗುದ್ದಿದ್ದ. ಅದರ ಜಾಗದಲ್ಲಿ ಶಾಲೆ ಮಕ್ಕಳಿದ್ದಿದ್ದರೆ ಎಂದು ಯೋಚನೆ ಬಂದಾಗ ಎಂಜಿನ್ ಆರಿಸಿಬಿಟ್ಟ.

ಕಮಲಮ್ಮ ತಗಡಿನ ಸಂದಿಯಿಂದ ತೂರಿ ಒಳಗೆ ಬಂದು ಪಕ್ಕದಲ್ಲಿ ಕೂತಳು.

"ನೀನು ಅಡ್ಡ ಬಂದಂಗಾಯ್ತು ಕಣೇ" ಎಂದ ಅವನು.

"ನಾನು ಸೇತುವೆ ಪಕ್ಕ ಇದ್ದೆ. ಅದು ನನ್ ಫೋಟೋ, ಮಾರಾಯ."

"ಹೂಂ... ಆ ಸುರೇಂದ್ರಪ್ಪನ ಕ್ಯಾಮ್ರಾನೇ ಸರಿ ಇರ್ಲಿಲ್ಲ."

"ಕ್ಯಾಮ್ರಾ ಸರಿ ಐತೆ. ಕಣ್ ಸರಿ ಇಲ್ಲ ನಿಂಗೆ. ನಂಗೆ ಯಾವಾಗ್ಲೋ ಗೊತ್ತು."

"ಯಾರ್ ಹೇಳಿದ್ರು?"

"ಬೋಂಡದಾಗೆ ಹಸಿಮೆಣಸಿನಕಾಯಿ ಎದ್ದು ಕಾಣ್ತಿದ್ರೂ ಕಚ್ಕಂಡು ಹೌಹಾರ್ತೀಯಲ್ಲ ದಿನಾ, ಆ ಬೋಂಡನೇ ಹೇಳ್ತು. ಹೇಳಿದ್ರೆ ಜಗಳಕ್ ಬರ್ತೀಯ ಅಂತ ಸುಮ್ನಿದ್ದೆ. ಇನ್ ಸುಮ್ನಿರಲ್ಲ. ಕೊಡು ಕೀಲಿ."

ಚಲುವಯ್ಯ ಜಗಳಕ್ಕೆ ಹೋಗಲಿಲ್ಲ. ಕೀಲಿ ತೆಗೆದು ಅವಳ ಕೈಗಿಟ್ಟ. ಆ ದಿನ ಲಾರಿಯನ್ನು ಹೆಗ್ಗದ್ದೆಗೆ ವಾಪಸ್ ತಂದದ್ದು ಬಸವರಾಜು. ಗಂಡ ಹೆಂಡತಿ ಬಸ್ಸಿನಲ್ಲಿ ಊರಿಗೆ ಬಂದರು.

ರವಿಚಂದ್ರ ಸೇತುವೆಯ ಮೇಲಿದ್ದಾಗ ಅವನನ್ನು ಕೆಲಸದಿಂದ ತೆಗೆದಿದ್ದ, ಬಹುಮಾನ ಬಂದ ಮೇಲೆ ಮತ್ತೆ ಸೇರಿಸಿಕೊಂಡಿದ್ದ. ಎರಡೂ ಸಲ ಚಲುವಯ್ಯನನ್ನು ಕೇಳಿರಲಿಲ್ಲ. ವಾರ ಕಳೆದು ಹೇಳಿ ಕಳಿಸಿದಾಗ, "ಕಣ್ ಬರಾಗಂಟ ಗಾಡಿ ಮುಟ್ಟಲ್ಲ ಸಾ" ಎಂದು ಉತ್ತರ ಹೋಯಿತು. ಹಾಸನದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ದೀಪ ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಇಷ್ಟು ದಿನ ಗಾಡಿ ಹೇಗೆ ಓಡಿಸಿದಿರಿ ಎಂದು ಕೇಳಿದರು. "ಎದುರಿಗೆ ಬರೋರು ನನ್ ನೋಡಿ ಪಕ್ಕಕ್ಕೆ ಹೋಗ್ತಿದ್ರು ಅನ್ಸುತ್ತೆ ಡಾಕ್ಟ್ರೇ" ಎಂದ ಚಲುವಯ್ಯ. ಡಾಕ್ಟರ್ ನಗಲಿಲ್ಲ. ಮೊದಲು ಬಲಗಣ್ಣು, ಅದು ವಾಸಿಯಾದ ಮೇಲೆ ಎಡಗಣ್ಣು ಎಂದರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಅವನು ಹೋಟೆಲಿನ ಮುಂದೆ ಬೆಂಚಿನಲ್ಲಿ ಕೂತು ಹಾನುಬಾಳನ್ನು ಹೊಸದಾಗಿ ನೋಡಿದ. ಎದುರಿನ ಕಾಫಿ ತೋಟದ ಹಸಿರು ಕಣ್ಣಿಗೆ ಚುಚ್ಚಿತು. ಬಸವರಾಜುವಿನ ಅಂಗಡಿಯ ಬೋರ್ಡಿನಲ್ಲಿ 'ವೆಲ್ಡಿಂಗ್' ಎಂಬುದನ್ನು ತಪ್ಪಾಗಿ ಬರೆದಿರುವುದು ಕಂಡಿತು. ಕಾರಿನಲ್ಲಿ ಹಾದುಹೋದ ರವಿಚಂದ್ರನ ಮೀಸೆಯ ಬುಡದಲ್ಲಿ ಬಿಳಿ ಗೆರೆ ಕಂಡಿತು. ಅದನ್ನು ಕಂಡು ಬಹಳ ಖುಷಿಪಟ್ಟ.

ಅವನನ್ನು ಹುಡುಕಿಕೊಂಡು ಬಂದದ್ದು ಲಕ್ಕಪ್ಪ, ಹೊಟ್ಟೆಗೆ ಚುಚ್ಚಿಸಿಕೊಂಡ ಆಲೂಗಡ್ಡೆಯ ಯಜಮಾನ. ಜಗಳಕ್ಕೇ ಬಂದನೆಂದು ಕಮಲಮ್ಮ ಸೌಟು ಕೈಗೆತ್ತಿಕೊಂಡಳು. ಲಕ್ಕಪ್ಪ ನಾಲ್ಕು ಬೋಂಡ ತಿಂದು, ಟೀ ಕುಡಿದು, ಆಮೇಲೆ ಹೇಳಿದ: "ನಮ್ದು ಗೆಡ್ಡೆ ಲಾರಿ ಐತೆ ಚಲುವಣ್ಣ, ಆಲೂರಿಂದ ಹಾಸನದ ಮಾರ್ಕೆಟ್ಟಿಗೆ. ಕಣ್ ಕಾಣ್ದೆನೂ ಅಷ್ಟು ನೇರವಾಗಿ ಗುದ್ದಿದೋನು, ಕಂಡ್ರೆ ಇನ್ನೆಂಗ್ ಓಡಿಸ್ತೀಯೋ ನೋಡಾಣ ಬಾ." ಡಾಕ್ಟರ್ ಚೀಟಿ ಕೊಟ್ಟ ಮೇಲೆ ಕಮಲಮ್ಮ ಕೀಲಿ ಹಿಡಿಯಲು ಬಿಟ್ಟಳು. ಈಗ ಅವನು ಆಲೂಗಡ್ಡೆ ಸಾಗಿಸುತ್ತಾನೆ.

ಎಡಗಣ್ಣಿನ ಆಪರೇಷನ್ ಮಾತ್ರ ಇನ್ನೂ ಆಗಿಲ್ಲ. ಡಾಕ್ಟರ್ ಕರೆದಾಗಲೆಲ್ಲ ಅವನಿಗೆ ಒಂದೊಂದು ಲೋಡು ಇರುತ್ತದೆ. ಮೊನ್ನೆ ಹೋಟೆಲಿನಲ್ಲಿ ಬಸವರಾಜು ಯಾಕೆಂದು ಕೇಳಿದ.

"ಬಲಗಣ್ಣು ರಸ್ತೆಗೆ ಸಾಕು ಕಣ್ಲಾ" ಎಂದ ಚಲುವಯ್ಯ. "ಎಡಗಣ್ಣಾಗೆ ಕಮ್ಲಿನ ನೋಡ್ತೀನಿ. ಅದ್ರಾಗೆ ಅವ್ಳು ಇನ್ನೂ ಮದ್ವೆ ಟೈಮಿನಂಗೇ ಅವ್ಳೆ."

ಒಳಗಿನಿಂದ ಸೌಟು ಹಾರಿ ಬಂತು. ಎಡಗಡೆಯಿಂದ ಬಂದದ್ದರಿಂದ ಅವನಿಗೆ ಕಾಣಲಿಲ್ಲ. ಮುಂದಿನ ಸೋಮವಾರ ಹಾಸನಕ್ಕೆ ಹೋಗುವುದೆಂದು ಕಮಲಮ್ಮ ಗಿರಾಕಿಗಳ ಮುಂದೆಯೇ ತೀರ್ಮಾನ ಹೇಳಿ, ಒಲೆಯ ಮೇಲಿದ್ದ ರೊಟ್ಟಿ ಮಗುಚಲು ಹೋದಳು.